ಆ ಹತ್ತು ಪರ್ಸೆಂಟ್ ಲೆಕ್ಕ ಏಪ್ರಿಲ್ ತಿಂಗಳಿಗಲ್ಲ

ಮೊನ್ನೆ ರಾತ್ರಿ ಫ್ರೆಂಡ್ ಒಬ್ಬಳ ತಂಗಿ ಫೋನ್ ಮಾಡಿದ್ಲು. ಏಪ್ರಿಲ್ ಎರಡನೇ ವಾರ ಕಮೀನೊ ನಡಿಯೋಕೆ ಹೊರಟಿದಾಳೆ, ಅದೇ ಫ್ರಾನ್ಸಿನ ಸಾಂ ಜಾಂ ಪಿಯೆ ದ ಪೋರ್ ಅನ್ನೋ ಊರಿಂದ ಸ್ಪೇನಿನ ಸಾಂತಿಯಾಗೊ ದೆ ಕಾಂಪೊಸ್ತೆಲಾವರೆಗೆ ಹೋಗೋ ಯಾತ್ರೆ ದಾರಿ, ಹೆಚ್ಚುಕಮ್ಮಿ 780 ಕಿಲೋಮೀಟರ್. ಬ್ಯಾಗನ್ನ ತೂಕದ ಮೆಷಿನ್ ಮೇಲಿಟ್ಟು ಫೋಟೋ ಕಳಿಸಿದ್ಲು, 5.1 ಕೆಜಿ. "ಅಕ್ಕಾ, ನಾನು 52 ಕೆಜಿ, ಹತ್ತು ಪರ್ಸೆಂಟ್ ಒಳಗೇ ಬಂತು ನೋಡಿ" ಅಂತ ಖುಷಿಯೋ ಖುಷಿ. ಏನೇನ್ ತೆಗೆದ್ಯಮ್ಮಾ ಅಂದೆ. "ಬೆಚ್ಚಗಿನ ಫ್ಲೀಸ್ ಜಾಕೆಟ್ಟು, ಗ್ಲೌಸು, ಮಳೆ ಪ್ಯಾಂಟು. ಸ್ಪೇನ್ ತಾನೆ ಅಕ್ಕಾ, ಬಿಸಿಲಿರತ್ತೆ." ಫೋಟೋದಲ್ಲಿ ಒಂದು ಮೂಲೆಗೆ ಮೊಬೈಲ್ ಟ್ರೈಪಾಡ್ ಮಾತ್ರ ನೀಟಾಗಿ ಕೂತಿತ್ತು.

ಅವಳಿಗೆ ಬೈದಿದ್ದು ಸ್ವಲ್ಪ ಜಾಸ್ತಿನೇ ಆಯ್ತೇನೋ. ಯಾಕಂದ್ರೆ ಇದೇ ಮೂರನ್ನ ಇದೇ ಕಾರಣಕ್ಕೆ ಮನೇಲಿ ಬಿಟ್ಟು ಹೋಗಿದ್ದವಳು ನಾನು.

ಈ ಹತ್ತು ಪರ್ಸೆಂಟ್ ರೂಲ್ ಗೊತ್ತಿಲ್ದೇ ಇರೋರಿಗೆ ಹೇಳ್ಬಿಡ್ತೀನಿ, ನಮ್ಮ ಮೈತೂಕದ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಬೆನ್ನ ಮೇಲೆ ಹೊರಬಾರ್ದು ಅಂತ. ಕೇಳೋಕೆ ಚೆನ್ನಾಗಿದೆ. ದಿನಕ್ಕೆ 20-25 ಕಿಲೋಮೀಟರ್, ಅದೂ ಒಂದು ತಿಂಗಳು ನಡಿಯೋವಾಗ ಮಂಡಿಗೆ ಪ್ರತಿ ನೂರು ಗ್ರಾಮೂ ಗೊತ್ತಾಗತ್ತೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಲೆಕ್ಕ ಹಾಕಿ ನೋಡಿ, 90 ಕೆಜಿ ಇರೋ ಗಂಡಸಿಗೆ 9 ಕೆಜಿ, 52 ಕೆಜಿ ಹುಡುಗಿಗೆ 5.2. ಅವನ ಸ್ಲೀಪಿಂಗ್ ಬ್ಯಾಗಿಗೂ ಅವಳ ಸ್ಲೀಪಿಂಗ್ ಬ್ಯಾಗಿಗೂ ತೂಕದಲ್ಲಿ ಎಷ್ಟು ಮಹಾ ವ್ಯತ್ಯಾಸ ಇರತ್ತೆ? ಇಬ್ಬರ ಮೇಲೂ ಬೀಳೋದು ಅದೇ ಮಳೆ, ಚಳಿ ಏನು ತೂಕ ನೋಡ್ಕೊಂಡು ಬರತ್ತಾ? ಸಣ್ಣಗಿರೋರಿಗೇ ಚಳಿ ಬೇಗ ಹಿಡಿಯೋದು, ಅವರಿಗೇ ಕಮ್ಮಿ ಬಟ್ಟೆ ಹೊತ್ಕೋ ಅನ್ನತ್ತೆ ಈ ರೂಲು. ಜುಲೈನಲ್ಲಿ ಹೋಗೋರು ಬೇಕಾದ್ರೆ ಪಾಲಿಸ್ಲಿ. ಏಪ್ರಿಲ್‌ನಲ್ಲಿ ಹೋಗೋರು ಆ ನಂಬರ್‌ಗೋಸ್ಕರ ಬೆಚ್ಚಗಿನ ಬಟ್ಟೆ ತೆಗೆದ್ರೆ ಅದು ಮೂರ್ಖತನ ಅಂತ ನನ್ನ ಅಭಿಪ್ರಾಯ, ನನ್ನನ್ನೂ ಸೇರಿಸ್ಕೊಂಡೇ ಹೇಳ್ತಿದೀನಿ.

ನನ್ನ ಕಥೆ ಕೇಳಿ. ಸಾಂ ಜಾಂ ಇರೋದು ಸುಮಾರು 170 ಮೀಟರ್ ಎತ್ತರದಲ್ಲಿ. ಮೊದಲನೇ ದಿನವೇ ಪಿರನೀಸ್ ಬೆಟ್ಟ ದಾಟ್ಬೇಕು, ನೆಪೋಲಿಯನ್ ದಾರಿ ಅಂತಾರೆ, ಲೆಪೊಯ್ದೆರ್ ಅನ್ನೋ ಘಟ್ಟದ ಹತ್ರ 1,400 ಮೀಟರ್ ದಾಟತ್ತೆ. ಸಾವಿರ ಮೀಟರ್ ಮೇಲೆ ಹೋದ್ರೆ ಆರೂವರೆ ಡಿಗ್ರಿ ಹತ್ತಿರ ಕಮ್ಮಿ ಆಗತ್ತೆ ಅಂತ ಸ್ಕೂಲಲ್ಲಿ ಓದಿದ್ವಲ್ಲ, ಆ ಲೆಕ್ಕಕ್ಕೆ ಕೆಳಗೆ ಊರಲ್ಲಿ 12 ಡಿಗ್ರಿ ಇದ್ರೆ ಮೇಲೆ 4, ಅದರ ಮೇಲೆ ಗಾಳಿ. ಚಳಿಗಾಲದಲ್ಲಿ ಈ ದಾರೀನ ಮುಚ್ಚೇ ಇಟ್ಟಿರ್ತಾರೆ, ನವೆಂಬರ್ 1 ರಿಂದ ಮಾರ್ಚ್ 31 ರವರೆಗೆ, ಆಗ ಕೆಳಗಡೆ ವಾಲ್ಕಾರ್ಲೊಸ್ ಕಡೆಯಿಂದಾನೇ ಹೋಗ್ಬೇಕು. ಏಪ್ರಿಲ್ 1 ಕ್ಕೆ ದಾರಿ ಓಪನ್. ಆದ್ರೆ ಬೆಟ್ಟಕ್ಕೆ ಯಾರೂ ಸರ್ಕ್ಯುಲರ್ ಕಳಿಸಿರಲ್ಲ ನೋಡಿ.

ಬೆಳಿಗ್ಗೆ ಹೊರಟಾಗ ಎಂಥ ಬಿಸಿಲು ಅಂದ್ರೆ ಟೀಶರ್ಟಲ್ಲೇ ಬೆವರು ಸುರೀತಿತ್ತು, ಹಸಿರು ಹುಲ್ಲು, ಕುರಿ, ಗಂಟೆ ಸದ್ದು, ನಾನು ಎಂಥ ಜಾಣೆ ಫ್ಲೀಸ್ ತರ್ಲಿಲ್ಲ ಅಂತ ಮನಸ್ಸಲ್ಲೇ ಬೆನ್ನು ತಟ್ಕೊಂಡೆ. ದಾರೀಲಿರೋ ಓರಿಸ್ಸೊನ್ ಅನ್ನೋ ತಂಗುದಾಣ ದಾಟಿ ಒಂದೆರಡು ಗಂಟೆ ಆಗಿರ್ಬೋದು, ಮೋಡ ಮೇಲಿಂದ ಬರೋದಲ್ಲ ಪಕ್ಕದಿಂದ ಬಂತು, ಮೊದಲು ಮಂಜು, ಆಮೇಲೆ ಸಣ್ಣ ಮಳೆ, ಆಮೇಲೆ ಅದೇ ಮಳೆ ಹರಳು ಹರಳಾಗಿ ಕೆನ್ನೆಗೆ ಚುಚ್ಚೋಕೆ ಶುರು. ಅಲ್ಲಿಂದ ಮುಂದೆ ನಿಲ್ಲೋಕೆ ಜಾಗ ಅಂತ ಹೆಚ್ಚೇನೂ ಇಲ್ಲ, ಕೊನೇ ಹತ್ರ ಒಂದು ತುರ್ತು ಗುಡಿಸಲು ಇದೆ ಅಷ್ಟೇ. ಬ್ಯಾಗಲ್ಲಿದ್ದ ಇನ್ನೊಂದು ಶರ್ಟ್ ಹಾಕ್ಕೊಳೋಣ ಅಂತ ನಿಂತ್ರೆ ಬೆರಳು ಕೆಲಸಾನೇ ಮಾಡ್ತಿಲ್ಲ. ಎದೆ ಹತ್ರ ಇರೋ ಪ್ಲಾಸ್ಟಿಕ್ ಬಕಲ್, ದಿನಾ ಒಂದು ಕೈಯಲ್ಲಿ ತೆಗೆಯೋ ಅಂಥದ್ದು, ಎರಡೂ ಕೈ ಹಾಕಿ ಒತ್ತಿದ್ರೂ ಬಿಚ್ಚಲಿಲ್ಲ. ಬಟ್ಟೆ ಬೆನ್ನ ಮೇಲೇ ಇದೆ, ತೆಗೆಯೋಕೆ ಆಗ್ತಿಲ್ಲ. ಆ ನಿಮಿಷ ಹೆದರಿಕೆ ಆಯ್ತು ನಂಗೆ, ನಿಜವಾಗ್ಲೂ. ಹಿಂದಿಂದ ಬಂದ ಒಬ್ಬ ವಯಸ್ಸಾದ ಹೆಂಗಸು ಏನೂ ಕೇಳದೆ ನನ್ನ ಬಕಲ್ ಬಿಚ್ಚಿ, ತನ್ನ ಒಣಗಿದ ಉಣ್ಣೆ ಕಾಲುಚೀಲ ತೆಗೆದು ನನ್ನ ಕೈಗೆ ಹಾಕಿದ್ರು, ಮಗೂಗೆ ಹಾಕೋ ಥರ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರಲ್ಲ. ಬೆಟ್ಟದ ಆಚೆ ಇರೋ ರೋನ್ಸೆಸ್‌ವಾಯೆಸ್ ಊರು ಮುಟ್ಟೋವರೆಗೂ ಕೈಗೆ ಕಾಲುಚೀಲ ಹಾಕ್ಕೊಂಡೇ ನಡೆದೆ. ಗ್ಲೌಸ್ ತೂಕ ಎಷ್ಟು ಗೊತ್ತಾ, 50 ಗ್ರಾಂ ಇರ್ಬೋದು ಅಷ್ಟೇ.

ಅಲ್ಲಿನವರಿಗೆ ಇದೆಲ್ಲ ಹೊಸದೇನಲ್ಲ. ಸ್ಪ್ಯಾನಿಷಲ್ಲಿ ಗಾದೆನೇ ಇದೆ, ಏಪ್ರಿಲ್ ಅಂದ್ರೆ ಸಾವಿರ ಮಳೆ ಅಂತ. ಇನ್ನೊಂದು ಇನ್ನೂ ಚೆನ್ನಾಗಿದೆ, ಮೇ ತಿಂಗಳ ನಲವತ್ತನೇ ತಾರೀಕಿನ ತನಕ ಮೇಲಂಗಿ ಬಿಚ್ಬೇಡ ಅಂತ, ಅಂದ್ರೆ ಜೂನ್ 9. ನಾವು ಮಾತ್ರ ಮೊಬೈಲಲ್ಲಿ ಹತ್ತು ದಿನದ ಹವಾಮಾನ ನೋಡಿ ಸೂರ್ಯನ ಚಿತ್ರ ಇದೆ ಅಂತ ಪ್ಯಾಕ್ ಮಾಡ್ತೀವಿ. ಆ ಆ್ಯಪ್ ತೋರಿಸೋದು ಊರಿನ ಹವಾಮಾನ, ನಾವು ನಡಿಯೋದು ಊರು ಮತ್ತೆ ಊರಿನ ಮಧ್ಯೆ ಇರೋ ಬೆಟ್ಟದಲ್ಲಿ. ಅದೇ ಸಾಂ ಜಾಂನಲ್ಲಿ ಯಾತ್ರಿಕರ ಆಫೀಸಿದೆ, ಅಲ್ಲಿ ಹೋಗಿ ನಾಳೆ ಮೇಲೆ ಹೇಗಿರತ್ತೆ ಅಂತ ಬಾಯಿಬಿಟ್ಟು ಕೇಳಿ, ಕೆಳಗಿನ ದಾರೀಲಿ ಹೋಗು ಅಂದ್ರೆ ಸುಮ್ನೆ ಕೆಳಗಿನ ದಾರೀಲೇ ಹೋಗಿ.

ಹಾಗಂತ ಎಲ್ಲಾ ಹವಾಮಾನಕ್ಕೂ ಒಂದೊಂದು ಸೆಟ್ ಬಟ್ಟೆ ಹೊರಿ ಅಂತ ನಾನು ಹೇಳ್ತಿಲ್ಲ. ನಾನು ಈಗ ಮಾಡೋ ಟೆಸ್ಟ್ ಒಂದೇ, ಬ್ಯಾಗಲ್ಲಿರೋ ಮೇಲಿನ ಬಟ್ಟೆ ಎಲ್ಲಾ ಒಂದರ ಮೇಲೊಂದು ಹಾಕ್ಕೊಂಡು ಕನ್ನಡಿ ಮುಂದೆ ಕೈ ಎತ್ತಿ ಇಳಿಸಿ ನೋಡೋದು. ತೆಳು ಉಣ್ಣೆ ಶರ್ಟ್, ಅದರ ಮೇಲೆ ತುಂಬು ತೋಳಿಂದು, ಅದರ ಮೇಲೆ ಫ್ಲೀಸ್, ಎಲ್ಲದರ ಮೇಲೆ ಮಳೆ ಜಾಕೆಟ್. ಒಂದರ ಮೇಲೊಂದು ಕೂರದೇ ಇರೋ ಬಟ್ಟೆ ಎಷ್ಟೇ ಚೆನ್ನಾಗಿದ್ರೂ ಮನೇಲಿ ಇರ್ಲಿ. ದಪ್ಪ ಸ್ವೆಟರ್ ಒಂದು ಇಟ್ಕೊಂಡ್ರೆ ಒಂದೋ ಬೇಯ್ತೀರ ಇಲ್ಲ ನಡುಗ್ತೀರ, ಮಧ್ಯದ್ದು ಇಲ್ಲ. ಮತ್ತೆ ಕಾಟನ್ ಬೇಡ, ದಯವಿಟ್ಟು ಬೇಡ. ಒಮ್ಮೆ ಒದ್ದೆ ಆದ್ರೆ ನೀರು ಹಿಡ್ಕೊಂಡು ಮೈಗೇ ಅಂಟತ್ತೆ, ಉಣ್ಣೆ ಒದ್ದೆ ಆದ್ರೂ ಒಂಚೂರು ಬೆಚ್ಚಗಿಡತ್ತೆ. ಜೀನ್ಸ್ ಹಾಕ್ಕೊಂಡು ಬಂದಿದ್ದ ಒಬ್ಬ ಹುಡುಗ ನನ್ನ ಜೊತೆ ನಡೀತಿದ್ದ, ಮೂರು ದಿನ ಅದು ಒಣಗಲೇ ಇಲ್ಲ, ಪಾಂಪ್ಲೋನಾದಲ್ಲಿ ಬಿಟ್ಟೇ ಹೋದ.

ಒಣಗೋದು ಅಂದಾಗ ನೆನಪಾಯ್ತು. ಬೇಸಿಗೇಲಿ ನಡೆದೋರು ಬರೀತಾರಲ್ಲ, ಮಧ್ಯಾಹ್ನ ಒಗೆದು ಹಾಕಿದ್ರೆ ಸಂಜೆಗೆ ಗರಿ ಗರಿ ಅಂತ, ಅದನ್ನ ನಂಬಿ ಎರಡೇ ಜೊತೆ ಕಾಲುಚೀಲ ತಗೊಂಡ್ ಹೋಗ್ಬೇಡಿ. ಏಪ್ರಿಲಲ್ಲಿ ತಂತಿ ಮೇಲೆ ಹಾಕಿದ್ದು ಬೆಳಿಗ್ಗೆಗೆ ಇನ್ನೂ ತಣ್ಣಗೆ ಒದ್ದೆ. ಮೂರು ಜೊತೆ, ಮೂರೂ ಉಣ್ಣೆ. ನಾಲ್ಕು ಪಿನ್ನು ಇಟ್ಕೊಳಿ, ಬ್ಯಾಗ್ ಹಿಂದೆ ಸಿಕ್ಕಿಸ್ಕೊಂಡು ನಡೀತಾ ನಡೀತಾ ಒಣಗಿಸ್ಬೋದು, ಮರ್ಯಾದೆ ಗಿರ್ಯಾದೆ ಎಲ್ಲ ಎರಡನೇ ದಿನಕ್ಕೇ ಹೋಗಿರತ್ತೆ. ಯಾತ್ರಿಕರು ಉಳಿಯೋ ಆಲ್ಬೆರ್ಗೆಗಳಲ್ಲಿ ಎಷ್ಟೋ ಕಡೆ ನಾಣ್ಯ ಹಾಕೋ ಡ್ರೈಯರ್ ಇರತ್ತೆ, ನಾಲ್ಕು ಜನ ಸೇರ್ಕೊಂಡ್ರೆ ದುಡ್ಡೂ ಉಳಿಯತ್ತೆ ಫ್ರೆಂಡ್‌ಶಿಪ್ಪೂ ಆಗತ್ತೆ. ಶೂ ಒಳಗೆ ಹಳೇ ನ್ಯೂಸ್ ಪೇಪರ್ ತುರುಕಿ ಇಡೋದು, ಮಲಗೋ ಮುಂಚೆ ಒಮ್ಮೆ ಪೇಪರ್ ಬದಲಾಯಿಸೋದು. ವಾಟರ್‌ಪ್ರೂಫ್ ಶೂನಾ ಸಾದಾ ಜಾಲರಿ ಶೂನಾ ಅಂತ ಜಗಳ ಆಡೋರು ಆಡ್ಲಿ, ನನ್ನ ಓಟು ಜಾಲರಿಗೆ. ದಿನಪೂರ್ತಿ ಮಳೇಲಿ ಕಾಲಿನಿಂದ ಇಳಿದ ನೀರು ಹೇಗಿದ್ರೂ ಒಳಗೆ ಹೋಗತ್ತೆ, ವಾಟರ್‌ಪ್ರೂಫ್ ಆದ್ರೆ ಅದು ಹೊರಗೆ ಬರೋಕೂ ಬಿಡಲ್ಲ. ಜೇಡಿಮಣ್ಣಿನ ಕೆಸರಿಗೆ ಮಾತ್ರ ಯಾವ ಶೂನೂ ಉತ್ತರ ಅಲ್ಲ, ಪಾಂಪ್ಲೋನಾ ದಾಟಿ ಆಲ್ತೊ ದೆಲ್ ಪೆರ್ದೊನ್ ಹತ್ತೋವಾಗ ಒಂದೊಂದು ಕಾಲೂ ಆನೆ ಕಾಲು ಆಗಿತ್ತು.

ಇನ್ನು ಪೊಂಚೊ, ಅದೇ ತಲೆ ಮೇಲಿಂದ ಹಾಕ್ಕೊಳೋ ಅಗಲದ ಮಳೆ ಹೊದಿಕೆ. ಬ್ಯಾಗ್ ಸಮೇತ ಮುಚ್ಚತ್ತೆ ಅಂತ ಎಲ್ಲರೂ ಹೇಳ್ತಾರೆ, ನಿಜ, ದಾರಿ ಕೊನೇಲಿ ಬರೋ ಗಲೀಸಿಯಾ ಪ್ರಾಂತ್ಯದ ಸುಮ್ನೆ ನೆಟ್ಟಗೆ ಬೀಳೋ ಮಳೆಗೆ ಅದು ದೇವರ ಥರ. ಗಾಳಿ ಬಂದ್ರೆ ಅದೇ ಪೊಂಚೊ ಗಾಳಿಪಟ, ಮುಖದ ಮೇಲೆ ಬಡೀತಾ ದಾರಿನೇ ಕಾಣಲ್ಲ. ಬೆಟ್ಟದ ಮೇಲೆ ಜಾಕೆಟ್ ಜೊತೆ ಮಳೆ ಪ್ಯಾಂಟು ಇದ್ರೆ ಬದುಕ್ತೀರ. ಬ್ಯಾಗಿನ ರೇನ್ ಕವರನ್ನ ಪೂರ್ತಿ ನಂಬ್ಬೇಡಿ, ಬೆನ್ನಿನ ಕಡೆಯಿಂದ ನೀರು ಇಳಿಯತ್ತೆ, ಒಳಗೆ ಒಂದು ದೊಡ್ಡ ದಪ್ಪ ಕಸದ ಕವರ್ ಹಾಕಿ ಅದರೊಳಗೆ ಎಲ್ಲಾ ತುಂಬಿ.

ಬಿಸಿಲಿನ ವಿಷ್ಯಕ್ಕೆ ಬರ್ತೀನಿ, ಅದೂ ಇದೆ. ಬುರ್ಗೋಸ್ ಆದ್ಮೇಲೆ ಮೆಸೆತಾ ಅಂತ ಬಯಲು, 800 ಮೀಟರ್ ಆಸುಪಾಸಿನ ಎತ್ತರ, ಗೋಧಿ ಹೊಲ ಬಿಟ್ರೆ ಕಣ್ಣು ಹೋದಷ್ಟು ದೂರ ಏನಿಲ್ಲ. ಕಾರ್ರಿಯೊನ್ ದೆ ಲೊಸ್ ಕೊಂದೆಸ್ ಬಿಟ್ರೆ ಮುಂದಿನ ಊರು 17 ಕಿಲೋಮೀಟರ್, ಮಧ್ಯೆ ನೆರಳೂ ಇಲ್ಲ. ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗೆ, ಮಧ್ಯಾಹ್ನ ಟೋಪಿ ಇಲ್ದಿದ್ರೆ ತಲೆ ಸುಡತ್ತೆ. ಒಂದು ತಮಾಷೆ ಹೇಳ್ತೀನಿ, ಈ ದಾರಿ ಪೂರ್ತಿ ಪಶ್ಚಿಮಕ್ಕೇ ಹೋಗೋದು, ಅಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ, ಹಾಗಾಗಿ ಸೂರ್ಯ ಹೆಚ್ಚುಕಮ್ಮಿ ದಿನವಿಡೀ ಎಡಗಡೆನೇ. ಒಂದು ವಾರ ಆಗೋಷ್ಟರಲ್ಲಿ ನನ್ನ ಎಡ ಕಿವಿ, ಎಡ ಕೆನ್ನೆ, ಎಡ ಮೀನಖಂಡ ಸುಟ್ಟ ಬದನೆಕಾಯಿ, ಬಲಗಡೆ ಹಾಗೇ ಇತ್ತು. ಇದಕ್ಕೆ ಬೇಕಾಗಿದ್ದು ಅಗಲ ಅಂಚಿನ ಟೋಪಿ, ಸಣ್ಣ ಟ್ಯೂಬ್ ಸನ್‌ಸ್ಕ್ರೀನ್, ಆ ತುಂಬು ತೋಳಿನ ತೆಳು ಶರ್ಟು, ಅಷ್ಟೇ. ಬಿಸಿಲಾದ್ರೆ ಬಟ್ಟೆ ಬಿಚ್ಚಬಹುದು, ಚಳಿಗೆ ಇಲ್ದೇ ಇರೋ ಬಟ್ಟೆ ಹಾಕ್ಕೊಳೋಕಾಗಲ್ಲ. ನನ್ನ ವಾದ ಇಷ್ಟೇ.

ತುಂಬಾ ಜನ ಮಾಡೋ ಇನ್ನೊಂದು ತಪ್ಪು ಇದೆ, ನಾನೂ ಸ್ವಲ್ಪದರಲ್ಲೇ ಮಾಡ್ತಿದ್ದೆ. ಮೆಸೆತಾ ಮುಗಿಸಿ ಲಿಯೊನ್ ಊರಿಗೆ ಬರೋಷ್ಟರಲ್ಲಿ ಮೈಯೆಲ್ಲ ಬಿಸಿಲು, ಚಳಿ ಕಥೆ ಮುಗೀತು ಅಂತ ಬೆಚ್ಚಗಿನ ಬಟ್ಟೆ ಎಲ್ಲ ಪೋಸ್ಟಲ್ಲಿ ಮನೆಗೆ ಕಳಿಸ್ಬಿಡ್ತಾರೆ. ಈ ದಾರೀಲಿ ಎಲ್ಲಕ್ಕಿಂತ ಎತ್ತರದ ಜಾಗ ಪಿರನೀಸಲ್ಲಿ ಇಲ್ಲ ಸ್ವಾಮಿ! ಲಿಯೊನ್ ಆದ್ಮೇಲೆ, ಕ್ರೂಸ್ ದೆ ಫೆರ್ರೊ ಹತ್ರ, 1,500 ಮೀಟರ್. ಮನೆಯಿಂದ ತಂದ ಕಲ್ಲನ್ನ ಯಾತ್ರಿಕರು ಇಟ್ಟು ಹೋಗೋ ಆ ಕಬ್ಬಿಣದ ಶಿಲುಬೆ ಇರೋ ಜಾಗ. ಏಪ್ರಿಲ್ ಕೊನೇಲೂ ಅಲ್ಲಿ ಹಿಮ ಬೀಳ್ಬೋದು. ಅದಾದ್ಮೇಲೆ ಓ ಸೆಬ್ರೆಯಿರೊ, 1,300 ಮೀಟರ್. ನಾನು ಹೋದಾಗ ಮಂಜಲ್ಲಿ ಮುಂದಿನವರ ಬೆನ್ನು ಕಾಣ್ತಿರ್ಲಿಲ್ಲ, ಅಲ್ಲಿಂದ ಗಲೀಸಿಯಾ ಶುರು, ಅಂದ್ರೆ ಮಳೆ ಶುರು. ಬುರ್ಗೋಸಲ್ಲಿ ಕೊಂಡಿದ್ದ ಫ್ಲೀಸ್ ಆ ಎರಡು ದಿನ ಮೈಮೇಲಿಂದ ಇಳಿಯಲೇ ಇಲ್ಲ, ರಾತ್ರಿನೂ ಅದರಲ್ಲೇ ಮಲಗಿದ್ದು.

ಹಾಗಾದ್ರೆ ತೂಕ ಎಲ್ಲಿ ಇಳಿಸೋದು ಅಂತ ಕೇಳ್ತೀರ. ಶಾಂಪೂ, ಕಂಡಿಷನರ್, ಫೇಸ್‌ವಾಶ್ ಬದಲು ಒಂದು ಸೋಪು. ದೊಡ್ಡ ಟವೆಲ್ ಬೇಡ. ಗೈಡ್ ಪುಸ್ತಕ ಬೇಡ, ದಾರಿ ಉದ್ದಕ್ಕೂ ಹಳದಿ ಬಾಣ ಇದೆ. ಔಷಧಿ ಅಂಗಡಿನೇ ಹೊರಬೇಡಿ, ಪ್ರತಿ ಎರಡು ಮೂರು ದಿನಕ್ಕೆ ಫಾರ್ಮಸಿ ಇರೋ ಊರು ಸಿಗತ್ತೆ. ಊರಲ್ಲಿ ಹಾಕ್ಕೊಳೋಕೆ ಅಂತ ಒಳ್ಳೇ ಡ್ರೆಸ್ ಖಂಡಿತ ಬೇಡ, ಅಲ್ಲಿ ಎಲ್ಲರೂ ಒಂದೇ ಥರ ನಾರ್ತಿರ್ತಾರೆ. ಸ್ಲೀಪಿಂಗ್ ಬ್ಯಾಗ್ ಮಾತ್ರ ತೆಗೆದು ಬರೀ ಬೆಡ್‌ಶೀಟ್ ಥರದ ಲೈನರ್ ಹಿಡ್ಕೊಂಡು ಹೋಗ್ಬೇಡಿ, ಕೆಲವು ಆಲ್ಬೆರ್ಗೆಲಿ ಕಂಬಳಿ ಕೊಡ್ತಾರೆ ಕೆಲವು ಕಡೆ ಇಲ್ಲ, ರಾತ್ರಿ ಹತ್ತಕ್ಕೆ ಬಾಗಿಲು ಹಾಕಿ ಲೈಟ್ ಆರಿಸಿದ ಮೇಲೆ ಯಾರನ್ನ ಕೇಳ್ತೀರ?

ಇಷ್ಟೆಲ್ಲ ಅವಳಿಗೆ ಒಂದೂವರೆ ಗಂಟೆ ಕೊರೆದೆ. ಪಾಪ, "ಹೂಂ ಅಕ್ಕಾ, ಹೂಂ ಅಕ್ಕಾ" ಅಂತಿದ್ಲು. ನಿನ್ನೆ ಹೊಸ ಫೋಟೋ ಬಂತು, 6.2 ಕೆಜಿ. ಫ್ಲೀಸ್ ಇದೆ, ಮಳೆ ಪ್ಯಾಂಟ್ ಇದೆ, ಗ್ಲೌಸ್ ಎಲ್ಲದಕ್ಕಿಂತ ಮೇಲೆ ನಂಗೆ ಕಾಣೋ ಹಾಗೆ ಇಟ್ಟಿದಾಳೆ. ಟ್ರೈಪಾಡೂ ಅಲ್ಲೇ ಇದೆ. ಏನೂ ಅನ್ನಕ್ಕೆ ಹೋಗ್ಲಿಲ್ಲ, ಪಾಂಪ್ಲೋನಾದಲ್ಲಿ ಪೋಸ್ಟ್ ಆಫೀಸ್ ಇದೆ.