ಹಳೆಯ ಒಡವೆಗೆ ಮರುಜೀವ ಕೊಟ್ಟ ಕಸ್ತೆಲ್ಲಾನಿಯನ್ನು ವಿನ್ಯಾಸಕಾರ ಎನ್ನಬಹುದೇ?

ಪರ

ಫೊರ್ತುನಾತೊ ಪಿಯೊ ಕಸ್ತೆಲ್ಲಾನಿ 1814ರಲ್ಲಿ ರೋಮಿನಲ್ಲಿ ಒಡವೆ ಅಂಗಡಿ ತೆರೆದರು. ಆಗ ಎಲ್ಲರ ಹಾಗೆ ಫ್ರೆಂಚ್, ಇಂಗ್ಲಿಷ್ ಮಾದರಿಯ ಒಡವೆಗಳನ್ನೇ ಮಾಡುತ್ತಿದ್ದರು. 1836ರಲ್ಲಿ ರೋಮಿನ ಹತ್ತಿರದ ಚೆರ್ವೆತೆರಿಯಲ್ಲಿ, ರೋಮನ್ನರಿಗಿಂತ ಮೊದಲು ಇಟಲಿಯಲ್ಲಿ ಮೆರೆದ ಎಟ್ರುಸ್ಕನ್ನರ ಗೋರಿಯೊಂದು ಸಿಕ್ಕಿತು. ಒಳಗೆ ಸುಮಾರು ಎರಡೂವರೆ ಸಾವಿರ ವರ್ಷ ಹಳೆಯ ಚಿನ್ನ. ಅದರ ಮೇಲೆ ಸಾಸಿವೆಗಿಂತ ಎಷ್ಟೋ ಚಿಕ್ಕ ಚಿನ್ನದ ಗುಂಡುಗಳು ಸಾಲುಸಾಲಾಗಿ ಕೂತಿದ್ದವು. ಬೆಸುಗೆಯ ಗುರುತೇ ಕಾಣುತ್ತಿರಲಿಲ್ಲ.

ಇಷ್ಟು ಚಿಕ್ಕ ಗುಂಡು ಕೂರಿಸಲು ಮಾಮೂಲಿ ಬೆಸುಗೆ ಸಾಲದು. ಅದು ಕರಗಿ ಸಂದಿಗಳಿಗೆ ಹರಿದು ಗುಂಡುಗಳನ್ನೇ ಮುಚ್ಚಿಬಿಡುತ್ತದೆ. ತಂದೆಯೂ, ಮಕ್ಕಳಾದ ಅಲೆಸ್ಸಾಂಡ್ರೊ ಮತ್ತು ಅಗುಸ್ತೊ ಅವರೂ ಇದರ ಹಿಂದೆ ವರ್ಷಗಟ್ಟಲೆ ಬಿದ್ದರು. ಸಾಂತಾಂಜೆಲೊ ಇನ್ ವಾದೊ ಎಂಬ ಊರಿನ ಅಕ್ಕಸಾಲಿಗರು ಹಳೆಯ ಕೈಚಳಕ ಉಳಿಸಿಕೊಂಡಿದ್ದಾರೆ ಎಂದು ತಿಳಿದು, ಅವರನ್ನು ರೋಮಿಗೆ ಕರೆತಂದರು. ಬೆಸುಗೆಯನ್ನು ಅರದಲ್ಲಿ ಉಜ್ಜಿ ನಯವಾದ ಪುಡಿ ಮಾಡಿದರು. ಬೆಸುಗೆ ಹಿಡಿಯಲೆಂದು ಹಾಕುವ ಬಿಳಿಗಾರದ ಬದಲು ಆರ್ಸೆನಿಕ್ ಲವಣ ಬಳಸಿದರು.

ಸುಮ್ನೆ ನಕಲು ಮಾಡುವವರು ಇಷ್ಟು ಕಷ್ಟಪಡುತ್ತಾರಾ? ಆಕಾರ ಕಣ್ಣೆದುರು ಇತ್ತು, ಮಾಡುವ ಬಗೆ ಇರಲಿಲ್ಲ. ಆ ಬಗೆಯನ್ನು ಹುಡುಕುತ್ತಾ ಹೋದದ್ದೂ ವಿನ್ಯಾಸವೇ. ದೊಡ್ಡ ಹರಳುಗಳಿಗೆ ಬೆಲೆ ಕಟ್ಟುತ್ತಿದ್ದ ಕಾಲದಲ್ಲಿ, ಬರೀ ಚಿನ್ನದ ಕೆಲಸವನ್ನೇ ಜನ ಮೆಚ್ಚುವ ಹಾಗೆ ಮಾಡಿದರು.

ವಿರೋಧ

ಶ್ರಮ ನಿಜ, ಅದಕ್ಕೆ ಕೈಮುಗಿಯಬೇಕು. ಆದರೆ ಹೆಸರು ಯಾರಿಗೆ ಹೋಯಿತು ನೋಡಿ. ಎಷ್ಟೋ ಒಡವೆಗಳ ಕಲ್ಪನೆ ಕಸ್ತೆಲ್ಲಾನಿಯವರ ಗೆಳೆಯ, ವಿದ್ವಾಂಸ ಮಿಕೆಲಾಂಜೆಲೊ ಕಾಯೆತಾನಿಯದು. ಇನ್ನು ಕೆಲವುಗಳ ರೂಪ ನೇರವಾಗಿ ಗೋರಿಗಳಿಂದ ಬಂದದ್ದು. ಗುಂಡು ಕೂರಿಸಿದ ಕೈ ಅಕ್ಕಸಾಲಿಗರದು. ಒಡವೆಯ ಮೇಲೆ ಮಾತ್ರ ಒಂದರೊಳಗೊಂದು ಹೆಣೆದ ಎರಡು 'ಸಿ', ಕಸ್ತೆಲ್ಲಾನಿ ಮನೆತನದ ಗುರುತು.

ಇದಕ್ಕಿಂತ ದೊಡ್ಡ ತಕರಾರು ರಿಪೇರಿಯದು. ರೋಮಿನ ಕಂಪಾನಾ ಎಂಬ ಶ್ರೀಮಂತ ಕೂಡಿಟ್ಟ ಪ್ರಾಚೀನ ವಸ್ತುಗಳ ಸಂಗ್ರಹದಲ್ಲಿದ್ದ ಹಳೆಯ ಒಡವೆಗಳನ್ನು ಸರಿಪಡಿಸಿದವರೂ ಇವರೇ. 1861ರಲ್ಲಿ ಆ ಸಂಗ್ರಹದ ಬಹುಪಾಲನ್ನು ಫ್ರಾನ್ಸ್ ಕೊಂಡಿತು, ಒಡವೆಗಳು ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯ ಸೇರಿದವು. ಹಳೆಯ ತುಂಡಿಗೆ ಹೊಸ ತುಂಡು ಸೇರಿಸಿದ್ದರಿಂದ, ಯಾವುದು ಎಷ್ಟು ಹಳೆಯದು ಎಂದು ಬಿಡಿಸುವ ಕೆಲಸ ಮುಂದಿನ ತಜ್ಞರ ತಲೆಗೆ ಬಿತ್ತು. ಹಳೆಯದನ್ನು ಅಷ್ಟು ಪ್ರೀತಿಸುವವರು ತಮ್ಮ ಕೈ ಎಲ್ಲಿ ತಗುಲಿದೆ ಎಂದು ಎದ್ದುಕಾಣುವಂತೆ ಗುರುತು ಮಾಡಬೇಕಿತ್ತು ಅಲ್ವಾ?

ಎಟ್ರುಸ್ಕನ್ನರ ಗುಟ್ಟು ಪೂರ್ತಿ ಸಿಕ್ಕಿಲ್ಲ ಎಂದು ಅಲೆಸ್ಸಾಂಡ್ರೊ ತಾವೇ ಒಪ್ಪಿಕೊಂಡಿದ್ದರು. ತಾಮ್ರದ ಲವಣವನ್ನು ಅಂಟಿನಲ್ಲಿ ಕಲಸಿ ಕಾಯಿಸಿದರೆ ಬೇರೆ ಬೆಸುಗೆ ಬೇಡ ಎಂದು 1930ರ ದಶಕದಲ್ಲಿ ಇಂಗ್ಲೆಂಡಿನ ಲಿಟಲ್‌ಡೇಲ್ ತೋರಿಸಿಕೊಟ್ಟರು. ಹಾಗಾಗಿ ಕಸ್ತೆಲ್ಲಾನಿಯನ್ನು ಒಳ್ಳೆಯ ಕಾರ್ಖಾನೆಯ ಯಜಮಾನ ಎನ್ನೋಣ. ವಿನ್ಯಾಸಕಾರ ಎಂಬಲ್ಲಿ ಕಾಯೆತಾನಿಯ ಹೆಸರೂ ಬರಲಿ, ವಾದೊದ ಅಕ್ಕಸಾಲಿಗರ ಊರೂ ಬರಲಿ.