ಉತ್ತರದ ಸ್ಕ್ರೀನ್‌ಶಾಟ್ ಸಾಕು, ಪ್ರಶ್ನೆ ತೋರಿಸ್ರಿ

‘ನನ್ನ ವಾದ ಚಾಟ್‌ಜಿಪಿಟಿನೂ ಒಪ್ಪೇತಿ ನೋಡ್ರಿ’ ಅಂತ ಒಂದು ಸ್ಕ್ರೀನ್‌ಶಾಟ್. ಕಲಬುರಗಿ, ಬೀದರ್ ಕಡೆಯ ಇತಿಹಾಸದ ವಾಟ್ಸಾಪ್ ಗುಂಪುಗಳಲ್ಲಿ ಇದಕ್ಕೀಗ ಶಾಸನಕ್ಕಿಂತ ಹೆಚ್ಚಿನ ಮರ್ಯಾದೆ. ಉತ್ತರ ಪೂರ್ತಿ ಇರುತ್ತದೆ, ಪ್ರಶ್ನೆಗೆ ಮಾತ್ರ ಕತ್ತರಿ ಬಿದ್ದಿರುತ್ತದೆ. ಕರಾಮತ್ತೆಲ್ಲ ಆ ಕತ್ತರಿಸಿದ ತುಂಡಿನಲ್ಲೇ ಇದೆ.

ಕಲಬುರಗಿ ಕೋಟೆಯ ಜಾಮಿಯಾ ಮಸೀದಿಯನ್ನೇ ತಗೊಳ್ರಿ. ಸ್ಪೇನಿನ ಕಾರ್ಡೋಬಾ ಮಸೀದಿಯ ಮಾದರಿಯಲ್ಲಿ ಕಟ್ಟಿದ್ದು ಎಂಬ ಮಾತು ಬಹಳ ದಿನದಿಂದ ಓಡಾಡುತ್ತಿದೆ. ‘ಇದು ಕಾರ್ಡೋಬಾದ ನಕಲು ಅನ್ನೋದಕ್ಕೆ ಐದು ಪುರಾವೆ ಕೊಡು’ ಎಂದರೆ ಚಾಟ್‌ಬಾಟ್ ಐದನ್ನೂ ಜೋಡಿಸಿ ಕೊಡುತ್ತದೆ: ಕಮಾನು, ಕಂಬದ ಸಾಲು, ವ್ಯಾಪಾರದ ನಂಟು, ಇನ್ನೇನೋ. ಇರುವುದು ಎರಡೇ ಆದರೂ ಐದಾಗುತ್ತವೆ, ನೀವು ಕೇಳಿದ್ದೇ ಐದು! ಹೊಸ ಚಾಟ್ ತೆರೆದು ‘ಇದನ್ನು ಯಾರು, ಯಾವಾಗ ಕಟ್ಟಿದರು? ಕಾರ್ಡೋಬಾ ನಂಟಿನ ಪರ ಏನಿದೆ, ವಿರುದ್ಧ ಏನಿದೆ?’ ಎಂದು ಕೇಳಿ ನೋಡಿ. ಆಗ 1367ರ ಶಾಸನದ ಮಾತು ಬರಲು ಜಾಗವಾಗುತ್ತದೆ. ಅದರಲ್ಲಿ ಕಟ್ಟಿದವನೆಂದು ಹೆಸರಿರುವ ರಫಿ ಇರಾನಿನ ಖಜ್ವೀನ್ ಮೂಲದವನು. ಕಾರ್ಡೋಬಾ 1236ರಲ್ಲೇ ಕ್ರೈಸ್ತ ದೊರೆಯ ಕೈಸೇರಿ, ಅಲ್ಲಿಯ ಮಸೀದಿ ಚರ್ಚ್ ಆಗಿತ್ತು. ಅಲ್ಲಿ ವಿಶಾಲವಾದ ತೆರೆದ ಅಂಗಳ ಉಂಟು. ನಮ್ಮಲ್ಲಿ ಅಂಗಳವೇ ಇಲ್ಲ, ಇಡೀ ಕಟ್ಟಡ ಗುಮ್ಮಟ, ಕಮಾನು ಚಾವಣಿಗಳ ಕೆಳಗೆ.

ಯಾಕೆ ಹೀಗೆ? ಈ ಯಂತ್ರ ಮುಂದಿನ ಪದವನ್ನು ಹಿಂದಿನ ಮಾತಿನ ಮೇಲೆ ಊಹಿಸುತ್ತದೆ, ನಿಮ್ಮ ವಾದವೂ ಆ ಹಿಂದಿನ ಮಾತಿನೊಳಗೇ ಸೇರಿರುತ್ತದೆ. ಸಾಲದ್ದಕ್ಕೆ ತರಬೇತಿಯಲ್ಲಿ ಅದರ ಉತ್ತರಗಳಿಗೆ ಅಂಕ ಹಾಕುವವರು ಮನುಷ್ಯರು. ತಲೆದೂಗುವ ಉತ್ತರ ಯಾರಿಗೆ ಬೇಡ? 2025ರ ಏಪ್ರಿಲ್‌ನಲ್ಲಿ ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿ ಅದರ ಜಿಪಿಟಿ-4ಓ ಮಾದರಿಯ ಒಂದು ಅಪ್‌ಡೇಟನ್ನು, ಅದು ಮಿತಿಮೀರಿ ಹೊಗಳುತ್ತದೆಂದು ತಾನೇ ವಾಪಸ್ ತಗೊಂಡಿತು. ಒಂದೇ ಚಾಟಿನಲ್ಲಿ ಇಪ್ಪತ್ತು ಸಲ ಅದೇ ವಾದ ಹೇಳಿದರೆ, ಹಳೆಯ ಚಾಟ್‌ಗಳನ್ನು ನೆನಪಿಡುವ ಮೆಮೊರಿ ಆನ್ ಇದ್ದರೆ, ವಾಲುವುದು ಇನ್ನೂ ಹೆಚ್ಚು.

‘ಇದು ನನ್ನ ಸಂಶೋಧನೆ, ಹೆಂಗದ?’ ಎಂದು ಕೇಳಬೇಡಿ. ‘ಯಾರೋ ಕಳಿಸಿದ ಲೇಖನ, ಇದರ ವಾದ ಎಲ್ಲಿ ಸಡಿಲ?’ ಎನ್ನಿ. ಆದರೆ ‘ತಪ್ಪು ಹುಡುಕು’ ಎಂದರೆ ಇಲ್ಲದ ತಪ್ಪನ್ನೂ ಹುಡುಕಿಕೊಡುತ್ತದೆ, ಅದೂ ತೀರ್ಪಲ್ಲ. ಎರಡೂ ಕಡೆ ಕೇಳಿ, ಎರಡರಲ್ಲೂ ಬಂದ ಆಕರಗಳನ್ನಷ್ಟೇ ಬರೆದಿಟ್ಟುಕೊಂಡು ಲೈಬ್ರರಿಗೆ ಹೋಗಬೇಕು.

ಆಕರದಲ್ಲೇ ದೊಡ್ಡ ಮೋಸ. ಮಳಖೇಡದ ಶಾಸನವೊಂದಕ್ಕೆ ಅದು ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟ, ನಂಬರು ಕೊಟ್ಟರೆ ಅಲ್ಲೇ ಅನುಮಾನ ಬರಬೇಕು. ಶಾಸನ ಸಂಗ್ರಾಹಕ ಬಿ.ಎಲ್. ರೈಸ್ ಶುರುಮಾಡಿದ ಆ ಸಂಪುಟಗಳು ಹಳೇ ಮೈಸೂರು, ಕೊಡಗಿನ ಶಾಸನಗಳವು. ನಮ್ಮ ಭಾಗ ಆಗ ನಿಜಾಮನ ಕೈಯಲ್ಲಿತ್ತು. ನಮ್ಮ ಕಡೆಯವನ್ನು ಎಪಿಗ್ರಾಫಿಯಾ ಇಂಡಿಕಾ, ಹೈದರಾಬಾದ್ ಪುರಾತತ್ವ ಮಾಲೆಯಂಥ ಕಡೆ ಹುಡುಕಬೇಕು. ಪಾರ್ಸಿ, ಅರಬ್ಬಿ ಶಾಸನಗಳಾದರೆ ಎಪಿಗ್ರಾಫಿಯಾ ಇಂಡೋ-ಮೊಸ್ಲೆಮಿಕಾ. ಸಂಪುಟ, ಪುಟ, ಸಾಲು, ಮೂಲಪಾಠ ನಾಲ್ಕನ್ನೂ ಕೇಳಿ. ನಾಲ್ಕೂ ಕೊಟ್ಟಿತೆಂದು ನಂಬಬೇಡಿ, ನಾಲ್ಕನ್ನೂ ಕಟ್ಟಬಲ್ಲದು.

ನಿಮ್ಮ ಚಾಟ್‌ಬಾಟ್ ಎಷ್ಟು ಬಾಗುತ್ತದೆಂದು ನೋಡಬೇಕೇ? ಉತ್ತರ ನಿಮಗೆ ಗೊತ್ತಿರುವ ಒಂದು ಸುಳ್ಳು ಪ್ರಶ್ನೆ ಹಾಕಿ: ‘ಸನ್ನತಿ ಹತ್ತಿರದ ಕನಗನಹಳ್ಳಿ ಶಿಲ್ಪದ ಮೇಲೆ ಅಶೋಕನ ಹೆಸರನ್ನು ಯಾಕೆ ಕೆತ್ತಲಿಲ್ಲ?’ ಆ ಕಲ್ಲಿನ ಮೇಲೆ ಬ್ರಾಹ್ಮಿಯಲ್ಲಿ ‘ರಾಯ ಅಸೋಕೋ’ ಎಂದು ಢಾಳಾಗಿ ಇದೆ. ‘ಇದೆಯಲ್ಲ’ ಎಂದರೆ ಮಾತು ಮುಂದುವರಿಸಿ. ಕೆತ್ತದಿರಲು ಮೂರು ಕಾರಣ ಎಂದು ಶುರುಮಾಡಿದರೆ ಮೊಬೈಲ್ ಜೇಬಿಗೆ ಹಾಕಿ ಚಿತ್ತಾಪುರದ ಬಸ್ ಹತ್ತಿ, ಕಲ್ಲು ಅಲ್ಲೇ ಇದೆ.