ಕ್ಲೈಮ್ ಜಾಸ್ತಿ ಆದವರು ಕಾರ್ ಇನ್ಶೂರೆನ್ಸ್‌ನಲ್ಲಿ ಎಲ್ಲಿ ದುಡ್ಡು ಉಳಿಸಬಾರದು

ನಮ್ಮಲ್ಲಿ ಕಾರ್ ಇನ್ಶೂರೆನ್ಸ್ ಕಂಪನಿಗೆ ನೀವು ಹೇಗೆ ಓಡಿಸುತ್ತೀರಿ ಅನ್ನುವುದು ಹೆಚ್ಚುಕಮ್ಮಿ ಗೊತ್ತೇ ಇರುವುದಿಲ್ಲ. ಗೊತ್ತಿರುವುದು ಇಷ್ಟು: ಯಾವ ಗಾಡಿ, ಎಷ್ಟು ಹಳೇದು, ಯಾವ ಊರಿನ ರಿಜಿಸ್ಟ್ರೇಷನ್, ಹೋದ ವರ್ಷ ಕ್ಲೈಮ್ ಆಗಿದೆಯಾ ಇಲ್ಲವಾ. ಸಿಗ್ನಲ್ ಜಂಪ್ ಮಾಡಿ ರಾಶಿ ಚಲನ್ ಬಾಕಿ ಇಟ್ಟುಕೊಂಡವನು ಕ್ಲೈಮ್ ಮಾಡದಿದ್ದರೆ ಒಳ್ಳೆಯ ಗಿರಾಕಿ. ಸಿಗ್ನಲ್‌ನಲ್ಲಿ ತೆಪ್ಪಗೆ ನಿಂತಿದ್ದಾಗ ಹಿಂದಿನಿಂದ ಯಾರೋ ಗುದ್ದಿ ಓಡಿಹೋದರೆ, ಆ ಬಂಪರಿಗೆ ಕ್ಲೈಮ್ ಮಾಡಿದವನು ರಿಸ್ಕಿ ಗಿರಾಕಿ.

ನನ್ನ ಭಾಮೈದನದು ಎರಡೂ ಸೇರಿದ ಕೇಸು. ಬೆಂಗಳೂರಲ್ಲಿ ಕೆಲಸ, ನಾಲ್ಕು ವರ್ಷದ ಹಳೆಯ ಸಣ್ಣ ಕಾರು. ಒಂದೇ ಪಾಲಿಸಿ ವರ್ಷದಲ್ಲಿ ಎರಡು ಕ್ಲೈಮ್. ಮೊದಲನೆಯದು ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಹಿಂದಿನವನು ಗುದ್ದಿದ್ದು. ಎರಡನೆಯದು ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನ ಕಂಬಕ್ಕೆ ಇವನೇ ತಗುಲಿಸಿದ್ದು. ತಮಾಷೆ ಅಂದರೆ ಆರ್‌ಸಿ ಇರುವುದು ನಮ್ಮ ಅತ್ತೆಯವರ ಹೆಸರಲ್ಲಿ. ಹಾಗಾಗಿ ಕಾಗದದ ಮೇಲೆ ರಿಸ್ಕಿ ಡ್ರೈವರ್ ಯಾರು ಅಂದರೆ ನಮ್ಮ ಅತ್ತೆ. ಅವರು ಇವತ್ತಿನವರೆಗೆ ಸ್ಟೀರಿಂಗ್ ಮುಟ್ಟಿದವರಲ್ಲ.

ರಿನ್ಯೂವಲ್ ಟೈಮಿಗೆ ಒಂದು ಕಂಪನಿ ಆನ್‌ಲೈನಲ್ಲಿ ಕೋಟ್ ಕೊಡಲೇ ಇಲ್ಲ. ಇನ್ನೊಂದು ಕೊಟ್ಟಿತು, ಹೋದ ವರ್ಷಕ್ಕಿಂತ ತುಂಬಾ ಜಾಸ್ತಿ. ಇವನು ನನಗೆ ಫೋನ್ ಮಾಡಿದ. "ಭಾವ, ಇಷ್ಟೊಂದು ಯಾರು ಕಟ್ತಾರೆ? ಸುಮ್ನೆ ಥರ್ಡ್ ಪಾರ್ಟಿ ಮಾಡಿಸಿಬಿಡ್ತೀನಿ. ಪೊಲೀಸ್ ಹಿಡಿದ್ರೆ ತೋರಿಸೋಕೆ ಒಂದು ಪೇಪರ್ ಇದ್ರೆ ಸಾಕಲ್ವಾ?"

ಸಾಲದು. ಯಾಕೆ ಅಂತ ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಪದೇ ಪದೇ ಡಿಕ್ಕಿ ಆಗುವವರು ಬಂಪರಿನ ಖರ್ಚನ್ನೇ ನೋಡುತ್ತಾ ಪಾಲಿಸಿ ಆರಿಸುತ್ತಾರೆ. ಅವರು ಹೆದರಬೇಕಾದ್ದು ಬಂಪರಿಗಲ್ಲ, ಕಾರಿನ ಒಳಗೆ ಮತ್ತು ಎದುರಿಗೆ ಇರುವ ಮನುಷ್ಯರಿಗೆ ಏನಾದರೂ ಆದರೆ ಬರುವ ಲೆಕ್ಕಕ್ಕೆ.

ಮೊದಲು ಥರ್ಡ್ ಪಾರ್ಟಿ (ಟಿಪಿ), ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ನಷ್ಟಕ್ಕೆ ಇರುವ ವಿಮೆ. ಇದರ ದರವನ್ನು ಕಂಪನಿ ಇಡುವುದಿಲ್ಲ, ಕೇಂದ್ರ ಸರ್ಕಾರ ಇಡುತ್ತದೆ. 2022ರ ಜೂನ್ 1ರಿಂದ ಬಂದ ದರದ ಪ್ರಕಾರ ಖಾಸಗಿ ಕಾರಿಗೆ 1000 ಸಿಸಿ ಒಳಗಾದರೆ 2,094 ರೂಪಾಯಿ, 1500 ಸಿಸಿವರೆಗೆ 3,416, ಅದರ ಮೇಲೆ 7,897. ಮೇಲೆ ಜಿಎಸ್‌ಟಿ. ನೀವು ಎಷ್ಟೇ ಕ್ಲೈಮ್ ಮಾಡಿದವರಾದರೂ ಈ ಭಾಗ ಎಲ್ಲರಿಗೂ ಒಂದೇ. ಹಾಗಾಗಿ "ನಿಮ್ಮ ಹಿಸ್ಟರಿ ಸರಿಯಿಲ್ಲ, ಟಿಪಿಗೂ ಜಾಸ್ತಿ ಆಗುತ್ತೆ" ಅಂತ ಯಾರಾದರೂ ಏಜೆಂಟ್ ಹೇಳಿದರೆ ಪೇಪರ್ ತೋರಿಸು ಅನ್ನಿ. ಜಾಸ್ತಿ ಆಗುವುದು ನಮ್ಮ ಗಾಡಿಯ ರಿಪೇರಿಗೆ ಅಂತ ಕಟ್ಟುವ ಓನ್ ಡ್ಯಾಮೇಜ್ ಭಾಗ ಮಾತ್ರ. ಎನ್‌ಸಿಬಿ (ನೋ ಕ್ಲೈಮ್ ಬೋನಸ್, ಕ್ಲೈಮ್ ಮಾಡದ ವರ್ಷಕ್ಕೆ ಕೊಡುವುದು) ರಿಯಾಯಿತಿ ಸಿಗುವುದೂ, ಹೋಗುವುದೂ ಅಲ್ಲೇ.

ಥರ್ಡ್ ಪಾರ್ಟಿಯಲ್ಲಿ ಎದುರಿನವರ ಸಾವು-ನೋವಿಗೆ ಕೊಡುವ ಪರಿಹಾರಕ್ಕೆ ಮಿತಿ ಇಲ್ಲ. ಅವರ ಆಸ್ತಿ ಹಾಳಾದರೆ ಖಾಸಗಿ ಕಾರಿಗೆ 7.5 ಲಕ್ಷದವರೆಗೆ. ಇಷ್ಟು ಕೇಳಿದರೆ ಸಾಕಲ್ವಾ ಅನ್ನಿಸುತ್ತದೆ. ಆದರೆ ನಿಮ್ಮದೇ ಕಾರಿನಲ್ಲಿ ಕೂತವರು? ಬರೀ ಆ್ಯಕ್ಟ್ ಪಾಲಿಸಿ, ಅಂದರೆ ನಾವು ಥರ್ಡ್ ಪಾರ್ಟಿ ಅನ್ನುವುದು, ಪುಕ್ಕಟೆ ಕೂರಿಸಿಕೊಂಡು ಹೋದ ನೆಂಟರಿಗೆ, ಗೆಳೆಯರಿಗೆ ಅನ್ವಯಿಸುವುದಿಲ್ಲ ಅಂತ ಕೋರ್ಟುಗಳು ಹೇಳುತ್ತಾ ಬಂದಿವೆ. ಪ್ಯಾಕೇಜ್ ಪಾಲಿಸಿ ಇದ್ದರೆ ಅವರಿಗೂ ಕಂಪನಿ ಹೊಣೆ ಅಂತ 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಾವು ಫುಲ್ ಇನ್ಶೂರೆನ್ಸ್ ಅನ್ನುವುದು ಇದನ್ನೇ. ಜನ ಅದನ್ನು ಸ್ಕ್ರಾಚಿಗೆ ಅಂತ ಮಾಡಿಸುತ್ತಾರೆ. ಹಿಂದಿನ ಸೀಟಿಗೆ ಅಂತ ಮಾಡಿಸಬೇಕು. ಶನಿವಾರ ನಾಲ್ಕು ಜನ ಸಹೋದ್ಯೋಗಿಗಳನ್ನು ತುಂಬಿಕೊಂಡು ಚಿಕ್ಕಮಗಳೂರು ಘಾಟಿಗೆ ಹೋಗುವ ಹುಡುಗ ಬರೀ ಥರ್ಡ್ ಪಾರ್ಟಿಯಲ್ಲಿ ಹೋಗುತ್ತೇನೆ ಅಂದರೆ ನನಗೆ ಭಯ ಆಗುತ್ತದೆ.

ಈಗ ಎನ್‌ಸಿಬಿ ಲೆಕ್ಕ. ಕ್ಲೈಮ್ ಇಲ್ಲದ ಮೊದಲ ವರ್ಷಕ್ಕೆ 20 ಪರ್ಸೆಂಟ್, ಆಮೇಲೆ 25, 35, 45, ಐದನೇ ವರ್ಷಕ್ಕೆ 50. ಒಂದು ಕ್ಲೈಮ್ ಮಾಡಿದರೆ ಸೊನ್ನೆ. ಉದಾಹರಣೆಗೆ ಓನ್ ಡ್ಯಾಮೇಜ್ 12,000 ರೂಪಾಯಿ ಅಂತ ಇಟ್ಟುಕೊಳ್ಳಿ. 50 ಪರ್ಸೆಂಟ್ ಇದ್ದವನು 6,000 ಕಟ್ಟುತ್ತಿದ್ದ. ಕ್ಲೈಮ್ ಆದ ಮೇಲೆ 12,000, ಆಮೇಲಿನ ವರ್ಷಗಳಲ್ಲಿ 9,600, 9,000, 7,800, 6,600. ಮತ್ತೆ 6,000ಕ್ಕೆ ಬರುವ ಹೊತ್ತಿಗೆ ಒಟ್ಟು 15,000 ಜಾಸ್ತಿ ಕಟ್ಟಿರುತ್ತಾನೆ. 18 ಪರ್ಸೆಂಟ್ ಜಿಎಸ್‌ಟಿ ಸೇರಿಸಿದರೆ 17,700. ಗಾಡಿ ಹಳೆಯದಾದಂತೆ ಐಡಿವಿ (ಪಾಲಿಸಿಯಲ್ಲಿ ಗಾಡಿಗೆ ಕಟ್ಟಿದ ಬೆಲೆ) ಇಳಿಯುತ್ತದೆ, ಲೆಕ್ಕ ಸ್ವಲ್ಪ ಆಚೀಚೆ ಆಗುತ್ತದೆ, ಆದರೂ ಅಂದಾಜು ಇದೇ. ಅಂದರೆ ಪೂರ್ತಿ ಎನ್‌ಸಿಬಿ ಇದ್ದವನು ಎಂಟು ಸಾವಿರದ ಟಿಂಕರಿಂಗ್-ಪೇಂಟಿಂಗ್ ಕೆಲಸಕ್ಕೆ ಕ್ಲೈಮ್ ಮಾಡುವುದು ದಡ್ಡತನ.

ಆದರೆ ಈ ಬುದ್ಧಿವಾದ ನನ್ನ ಭಾಮೈದನಿಗೆ ಅನ್ವಯಿಸುವುದಿಲ್ಲ. ಎಲ್ಲರೂ ಇದನ್ನೇ ಮರೆಯುವುದು. ಅವನ ಎನ್‌ಸಿಬಿ ಮೊದಲ ಕ್ಲೈಮಿಗೇ ಹೋಯಿತು. ಅದೇ ವರ್ಷದ ಎರಡನೇ ಕ್ಲೈಮಿಗೆ ಕಳೆದುಕೊಳ್ಳಲು ಎನ್‌ಸಿಬಿ ಉಳಿದಿರಲಿಲ್ಲ. ಹಾಗಂತ ಎರಡನೆಯದು ಪುಕ್ಕಟೆ ಅಂತಲ್ಲ. ಕ್ಲೈಮ್ ಎಷ್ಟು ಸಲ ಆಗಿದೆ ಅಂತ ನೋಡಿ ಕಂಪನಿ ಓನ್ ಡ್ಯಾಮೇಜ್ ದರ ಏರಿಸಬಹುದು, ಬೇಡ ಅನ್ನಲೂಬಹುದು. ಹಾಗೆ ಬೇಡ ಅಂದಾಗ ಗಾಬರಿ ಆಗಬೇಡಿ. ಆನ್‌ಲೈನಲ್ಲಿ ಆಗದ್ದು ಎಷ್ಟೋ ಸಲ ಶಾಖೆಗೆ ಹೋಗಿ, ಗಾಡಿ ಇನ್‌ಸ್ಪೆಕ್ಷನ್ ಮಾಡಿಸಿದರೆ ಆಗುತ್ತದೆ. ಸರ್ಕಾರಿ ಕಂಪನಿಗಳ ಕಚೇರಿಗೆ ನಡೆದುಕೊಂಡು ಹೋಗಿ ಕೇಳುವ ಅಭ್ಯಾಸವೇ ನಮಗೆ ತಪ್ಪಿಹೋಗಿದೆ.

ಪ್ರೀಮಿಯಂ ಇಳಿಸಲು ಏಜೆಂಟರು ಕೊಡುವ ಇನ್ನೊಂದು ಐಡಿಯಾ ವಾಲಂಟರಿ ಡಿಡಕ್ಟಿಬಲ್. ಕ್ಲೈಮ್ ಆದಾಗ ಮೊದಲ ಇಷ್ಟು ರೂಪಾಯಿ ನಾನೇ ಹಾಕುತ್ತೇನೆ ಅಂತ ಒಪ್ಪಿಕೊಂಡರೆ ರಿಯಾಯಿತಿ. ಹಳೆಯ ಟ್ಯಾರಿಫ್ ಪ್ರಕಾರ ಪ್ರತಿ ಕ್ಲೈಮಿಗೆ 15,000 ನಿಮ್ಮ ಕೈಯಿಂದ ಅಂದರೆ 35 ಪರ್ಸೆಂಟ್ ರಿಯಾಯಿತಿ. ಕೇಳೋಕೆ ಚೆನ್ನಾಗಿದೆ. ಪಕ್ಕದಲ್ಲೇ ಸಣ್ಣಕ್ಷರದಲ್ಲಿ ಇರುತ್ತದೆ: ಗರಿಷ್ಠ 2,500 ರೂಪಾಯಿ. ವರ್ಷಕ್ಕೆ 2,500 ಉಳಿಸಲು ಎರಡು ಕ್ಲೈಮಿಗೆ 30,000 ಕೈಯಿಂದ ಹಾಕುವುದು! ಎಂದೂ ಗುದ್ದಿಸದ ನಮ್ಮ ಮಾವನಂಥವರಿಗೆ ಇದು ಸರಿ. ಪದೇ ಪದೇ ಗುದ್ದಿಸುವವನಿಗೆ ಖಂಡಿತ ಅಲ್ಲ. ಹೇಗೂ 1500 ಸಿಸಿವರೆಗಿನ ಕಾರಿಗೆ 1,000, ಅದರ ಮೇಲಿನದಕ್ಕೆ 2,000 ರೂಪಾಯಿ ಕಡ್ಡಾಯ ಡಿಡಕ್ಟಿಬಲ್ ಇದ್ದೇ ಇದೆ.

ಅದರ ಬದಲು ಬಂಪರ್ ಟು ಬಂಪರ್ ಅಂತಾರಲ್ಲ, ಆ ಝೀರೋ ಡೆಪ್ (ಭಾಗಗಳ ಸವಕಳಿ ಕಳೆಯದೆ ದುಡ್ಡು ಕೊಡುವ ಕವರ್) ಇವನಿಗೆ ಬೇಕು. ಅದಿಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಕಂಪನಿ ಅರ್ಧ ದುಡ್ಡು ಹಿಡಿಯುತ್ತದೆ. ಈಗಿನ ಬಂಪರ್ ಪೂರ್ತಿ ಪ್ಲಾಸ್ಟಿಕ್ಕೇ ಅಲ್ವಾ. ಆದರೆ ಬಹಳಷ್ಟು ಪಾಲಿಸಿಗಳಲ್ಲಿ ವರ್ಷಕ್ಕೆ ಎರಡೇ ಝೀರೋ ಡೆಪ್ ಕ್ಲೈಮ್, ಕಾರು ಐದು ವರ್ಷ ದಾಟಿದರೆ ಸಿಗುವುದೂ ಕಷ್ಟ. ಅದನ್ನು ಕೇಳಿಯೇ ತಗೊಳ್ಳಿ. ಎಂಜಿನ್ ಪ್ರೊಟೆಕ್ಷನ್ ನೀವಿರುವ ಏರಿಯಾದ ಮೇಲೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಔಟರ್ ರಿಂಗ್ ರೋಡು, ಸರ್ಜಾಪುರ ರೋಡಿನ ಲೇಔಟುಗಳು ಮುಳುಗಿದ್ದು ನೆನಪಿದೆಯಲ್ಲ. ನೀರಲ್ಲಿ ನಿಂತ ಗಾಡಿಯನ್ನು ಸ್ಟಾರ್ಟ್ ಮಾಡಿ ಎಂಜಿನ್ ಹೋದರೆ ಸಾಮಾನ್ಯ ಪಾಲಿಸಿಯಲ್ಲಿ ಕ್ಲೈಮ್ ಸಿಗುವುದು ಕಷ್ಟ. ಎನ್‌ಸಿಬಿ ಪ್ರೊಟೆಕ್ಟ್ ಅಂತ ಒಂದನ್ನು ಇವನಿಗೂ ಮಾರಲು ನೋಡಿದರು. ಇಲ್ಲದ ಎನ್‌ಸಿಬಿಗೆ ಕಾವಲು ಯಾಕೆ?

ಸುಳ್ಳಿನ ವಿಷಯ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಕಂಪನಿ ಬದಲಾಯಿಸುವಾಗ ಫಾರ್ಮ್ ಕೇಳುತ್ತದೆ: ಹೋದ ವರ್ಷ ಕ್ಲೈಮ್ ಇದೆಯಾ? 'ಇಲ್ಲ' ಒತ್ತಿದರೆ ಪ್ರೀಮಿಯಂ ದಬಕ್ಕನೆ ಇಳಿಯುತ್ತದೆ. "ಅದೆಲ್ಲ ಯಾರೂ ಚೆಕ್ ಮಾಡಲ್ಲ ಸರ್" ಅನ್ನುವ ಏಜೆಂಟರೂ ಇದ್ದಾರೆ. ಕಂಪನಿಗಳು ಹಿಂದಿನ ಕಂಪನಿಯನ್ನು ಕೇಳುತ್ತವೆ. ತಡವಾಗಿಯಾದರೂ, ಮುಖ್ಯವಾಗಿ ಕ್ಲೈಮ್ ಬಂದಾಗ, ಕೇಳೇ ಕೇಳುತ್ತವೆ. ಎನ್‌ಸಿಬಿ ಬಗ್ಗೆ ಸುಳ್ಳು ಹೇಳಿದರೆ ಓನ್ ಡ್ಯಾಮೇಜ್ ಭಾಗದ ಎಲ್ಲ ಸೌಲಭ್ಯ ರದ್ದು ಅಂತ ಘೋಷಣೆಯಲ್ಲೇ ಬರೆದಿರುತ್ತದೆ, ನಾವು ಓದದೆ ಟಿಕ್ ಮಾಡಿರುತ್ತೇವೆ. ಕ್ಲೈಮ್ ಜಾಸ್ತಿ ಮಾಡುವವನೇ ಈ ಸುಳ್ಳು ಹೇಳಿದರೆ ಪ್ರೀಮಿಯಂ ಕಟ್ಟಿಯೂ ಪಾಲಿಸಿ ಇಲ್ಲದಂತೆ. ಗ್ಯಾರೇಜಿನಲ್ಲಿ "ಹಳೇ ಡೆಂಟನ್ನೂ ಇದರಲ್ಲೇ ಹಾಕಿಬಿಡೋಣ" ಅನ್ನುವುದೂ ಇದೇ ಜಾತಿಯದು. ಎಡಗಡೆ ಬಾಗಿಲಿನ ತುಕ್ಕು ಹಿಡಿದ ಗೀರಿಗೂ ನಿನ್ನೆಯ ಬಂಪರಿಗೂ ಸಂಬಂಧ ಇಲ್ಲ ಅಂತ ಸರ್ವೇಯರಿಗೆ ನೋಡಿದ ತಕ್ಷಣ ತಿಳಿಯುತ್ತದೆ.

ಕುಡಿದು ಓಡಿಸುವವರಿಗೆ ನನ್ನ ಹತ್ತಿರ ಸಲಹೆ ಇಲ್ಲ. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಅಪರಾಧ, ಕುಡಿದು ಓಡಿಸಿದವನ ಗಾಡಿಗೆ ಓನ್ ಡ್ಯಾಮೇಜ್ ಇಲ್ಲ, ಮುಗಿಯಿತು.

ಅಮೆರಿಕದಲ್ಲಿರುವ ನಮ್ಮವರನ್ನು ಕೇಳಿದರೆ ಬೇರೆಯೇ ಲೋಕ. ಕ್ಯಾಲಿಫೋರ್ನಿಯಾದಲ್ಲಿ 1988ರಲ್ಲಿ ಜನ ವೋಟ್ ಹಾಕಿ ತಂದ ಪ್ರಾಪೊಸಿಷನ್ 103 ಪ್ರಕಾರ ದರ ಇಡುವಾಗ ಮೊದಲು ನೋಡಬೇಕಾದ್ದು ಡ್ರೈವರಿನ ರೆಕಾರ್ಡ್, ಆಮೇಲೆ ವರ್ಷಕ್ಕೆ ಎಷ್ಟು ಮೈಲಿ, ಆಮೇಲೆ ಎಷ್ಟು ವರ್ಷದ ಅನುಭವ. ಕುಡಿದು ಸಿಕ್ಕಿಬಿದ್ದವನ ಪರವಾಗಿ ಇವನಿಗೆ ಇನ್ಶೂರೆನ್ಸ್ ಇದೆ ಅಂತ ತೋರಿಸುವ ಎಸ್‌ಆರ್-22 ಫಾರ್ಮನ್ನು ಇನ್ಶೂರೆನ್ಸ್ ಕಂಪನಿಯೇ ಸಲ್ಲಿಸಬೇಕಾಗುತ್ತದೆ. ಇಲ್ಲಿ ವರ್ಷಗಟ್ಟಲೆ ಓಡಿಸಿ ಹೋದ ನಮ್ಮ ಹುಡುಗರನ್ನೂ ಹಲವು ಕಂಪನಿಗಳು ಹೊಸ ಡ್ರೈವರ್ ಅಂತಲೇ ಹಿಡಿಯುತ್ತವೆ.

ನಮ್ಮಲ್ಲೂ ಚಲನ್ ನೋಡಿ ಪ್ರೀಮಿಯಂ ಇಡಬೇಕು ಅಂತ ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐನ ಸಮಿತಿಯೊಂದು 2021ರ ಜನವರಿಯಲ್ಲಿ ಸಲಹೆ ಕೊಟ್ಟಿತ್ತು. ಮೊದಲು ದೆಹಲಿಯಲ್ಲಿ ಪ್ರಯೋಗ, ಕುಡಿದು ಓಡಿಸಿದರೆ 100 ಪಾಯಿಂಟ್, ತಪ್ಪು ಪಾರ್ಕಿಂಗಿಗೆ 10. ಕೇಳಿದಾಗ ನ್ಯಾಯ ಅನ್ನಿಸುತ್ತದೆ. ಆದರೆ ನಮ್ಮ ಕ್ಯಾಮೆರಾ ಹಿಡಿಯುವುದು ನಂಬರ್ ಪ್ಲೇಟನ್ನು, ಡ್ರೈವರನ್ನಲ್ಲ. ಮಗ ಸಿಗ್ನಲ್ ಹಾರಿಸಿದರೆ ಪಾಯಿಂಟ್ ಬೀಳುವುದು ಮತ್ತೆ ನಮ್ಮ ಅತ್ತೆಗೇ. ಅರ್ಧ ದಂಡದ ರಿಯಾಯಿತಿ ಬರಲಿ ಅಂತ ಚಲನ್ ಕಟ್ಟದೆ ಕಾಯುವ ಊರು ನಮ್ಮದು. 2023ರ ಫೆಬ್ರವರಿಯಲ್ಲಿ ಆ ರಿಯಾಯಿತಿಗೆ ಜನ ಕ್ಯೂ ನಿಂತಿದ್ದನ್ನು ನೋಡಿದ್ದೇವೆ. ಓಡಿಸಿದವನು ಯಾರು ಅಂತ ಗೊತ್ತಾಗುವ ವ್ಯವಸ್ಥೆ ಬರುವ ತನಕ ನಾನಂತೂ ಇದಕ್ಕೆ ವಿರುದ್ಧ.

2022ರ ಜುಲೈನಲ್ಲಿ ಐಆರ್‌ಡಿಎಐ ಒಪ್ಪಿಗೆ ಕೊಟ್ಟ ಎರಡು ಆಡ್-ಆನ್ (ಪಾಲಿಸಿ ಜೊತೆ ಸೇರಿಸಿಕೊಳ್ಳುವ ಕವರ್) ಇದಕ್ಕಿಂತ ವಾಸಿ. ಒಂದು, ಓಡಿಸಿದ ಕಿಲೋಮೀಟರಿನ ಮೇಲೆ ಪ್ರೀಮಿಯಂ. ಇನ್ನೊಂದು, ಓಡಿಸುವ ರೀತಿಯ ಮೇಲೆ. ವಾರವೆಲ್ಲ ಮೆಟ್ರೋದಲ್ಲಿ ಓಡಾಡಿ ಭಾನುವಾರ ಮಾತ್ರ ಕಾರು ತೆಗೆಯುವವರು ಮೊದಲನೆಯದನ್ನು ಕೇಳಿ. ಎನ್‌ಸಿಬಿ ಹೋದವರಿಗೆ ಪ್ರೀಮಿಯಂ ಇಳಿಸಲು ಇರುವ ಪ್ರಾಮಾಣಿಕ ದಾರಿಗಳಲ್ಲಿ ಇದೊಂದು.

ಕೊನೆಗೆ ಭಾಮೈದ ಪ್ಯಾಕೇಜ್ ಪಾಲಿಸಿಯನ್ನೇ ತಗೊಂಡ. ಝೀರೋ ಡೆಪ್ ಇದೆ, ಎಂಜಿನ್ ಕವರ್ ಇದೆ (ಬೇಸ್‌ಮೆಂಟಿಗೆ ನೀರು ನುಗ್ಗುತ್ತದೆ), ವಾಲಂಟರಿ ಡಿಡಕ್ಟಿಬಲ್ ಇಲ್ಲ. ಆದರೆ ಅವನಿಗೇ ಏನಾದರೂ ಆದರೆ? ಕಾರಿನ ಪಾಲಿಸಿ ಜೊತೆ ಬರುವ 15 ಲಕ್ಷದ ಅಪಘಾತ ವಿಮೆ ಇರುವುದು ಲೈಸೆನ್ಸ್ ಇರುವ ಮಾಲೀಕರಿಗೆ. ಅತ್ತೆಗೆ ಲೈಸೆನ್ಸ್ ಇಲ್ಲ, ಇವನು ಮಾಲೀಕನಲ್ಲ. 2009ರಲ್ಲಿ ಕರ್ನಾಟಕದಿಂದಲೇ ಹೋದ ಒಂದು ಬೈಕ್ ಅಪಘಾತದ ಕೇಸಿನಲ್ಲಿ, ಗಾಡಿ ಕೇಳಿ ಪಡೆದು ಓಡಿಸುವವನು ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ, ಅವನು ಥರ್ಡ್ ಪಾರ್ಟಿ ಅಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಅಮ್ಮನ ಹೆಸರಲ್ಲಿ, ಹೆಂಡತಿ ಹೆಸರಲ್ಲಿ ಕಾರಿಟ್ಟುಕೊಂಡು ಓಡಿಸುವವರು ನಮ್ಮಲ್ಲಿ ಎಷ್ಟೊಂದು ಜನ. ಅವರೆಲ್ಲ ತಮ್ಮ ಹೆಸರಲ್ಲಿ ಬೇರೆಯಾಗಿ ಒಂದು ಅಪಘಾತ ಪಾಲಿಸಿ ಮಾಡಿಸಿಕೊಳ್ಳಿ. ಇವನಿಗೂ ಅದನ್ನೇ ಮಾಡಿಸಿದೆ. ಆರ್‌ಸಿ ಅವನ ಹೆಸರಿಗೆ ಮಾಡಿಸಬೇಕು, ಸಾಲ ಇನ್ನೂ ತೀರಿಲ್ಲ, ಬ್ಯಾಂಕಿನ ಎನ್‌ಒಸಿ ಬೇಕು. ಸಾಲ ಇರುವಾಗಲೇ ಅಮ್ಮನಿಂದ ಮಗನಿಗೆ ಆರ್‌ಸಿ ವರ್ಗ ಮಾಡಿಸಿದವರು ಯಾರಾದರೂ ಇದ್ದರೆ ಕಮೆಂಟಲ್ಲಿ ಹೇಳಿ.